ಮುಟ್ಟದ ಕಪ್ಲಿಂಗ್

ಜಗತ್ತಿನಲ್ಲಿ ಕಪ್ಲಿಂಗಿನಷ್ಟು ಉಪಕಾರ ಮಾಡಿಯೂ ಹೆಸರಿಲ್ಲದೆ ಬದುಕುವ ವಸ್ತು ಇನ್ನೊಂದಿಲ್ಲ ಎಂಬುದು ನನ್ನ ಹಳೆಯ ತಕರಾರು. ಪಂಪು ಕೊಂಡವನು ಪಂಪಿನ ಹೆಸರು ಹೇಳಿಕೊಂಡು ತಿರುಗುತ್ತಾನೆ. ಮೋಟರು ಕೊಂಡವನು ಅದರ ಅಶ್ವಶಕ್ತಿ ಹೇಳಿ ಮೀಸೆ ತಿರುವುತ್ತಾನೆ. ಅವೆರಡರ ನಡುವೆ ನಿಂತು, ಇದರ ತಿರುಗನ್ನು ಅದಕ್ಕೆ ದಾಟಿಸುವ ಅಂಗೈಯಗಲದ ಕಪ್ಲಿಂಗನ್ನು ಕೇಳುವವರಿಲ್ಲ. ಅದು ಮುರಿದ ದಿನ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತದೆ, ಅದೂ ಬೈಯಲಿಕ್ಕೆ.

ನಾನು ಜಿನ್ನಪ್ಪ ಮಗದುಮ್. ಬೆಳಗಾವಿಯ ಉದ್ಯಮಬಾಗದ ಒಂದು ಪಂಪು ಕಾರ್ಖಾನೆಯಲ್ಲಿ ಪರೀಕ್ಷಾ ವಿಭಾಗ ನೋಡಿಕೊಳ್ಳುತ್ತೇನೆ. ಎರಡು ಶಾಫ್ಟುಗಳು ಕೂದಲೆಳೆಯಷ್ಟೂ ತಪ್ಪದೆ ಒಂದೇ ಗೆರೆಯಲ್ಲಿ ನಿಲ್ಲುವುದು ಪುಸ್ತಕದಲ್ಲಿ ಮಾತ್ರ. ಮೋಟರು ಬಿಸಿಯಾಗಿ ಹಿಗ್ಗುತ್ತದೆ, ತಳಪಾಯ ಕುಸಿಯುತ್ತದೆ, ಕೂರಿಸಿದವನಿಗೆ ಊಟದ ಹೊತ್ತಾಗಿರುತ್ತದೆ. ಬೋಲ್ಟು ಬಿಗಿದ ಕಪ್ಲಿಂಗು ಈ ತಪ್ಪನ್ನು ಕ್ಷಮಿಸುವುದಿಲ್ಲ, ಸೇಡನ್ನು ಬೇರಿಂಗಿನ ಮೇಲೆ ತೀರಿಸಿಕೊಳ್ಳುತ್ತದೆ. ನಡುವೆ ರಬ್ಬರಿನ ನಕ್ಷತ್ರ ಇಟ್ಟ ಕಪ್ಲಿಂಗು ಅಷ್ಟಿಷ್ಟು ಸಹಿಸುತ್ತದೆ. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಯಸ್ಕಾಂತದ ಕಪ್ಲಿಂಗು.

ಆಸಿಡ್ ಪಂಪಿನಲ್ಲಿ ಶಾಫ್ಟು ಹೊರಬರುವ ತೂತೇ ಶತ್ರು. ಎಷ್ಟು ಬಿಗಿ ಮಾಡಿದರೂ ಅಲ್ಲಿಂದ ಆಸಿಡ್ ಜಿನುಗುತ್ತದೆ. ಅದಕ್ಕೇ ನಾವು ತೂತನ್ನೇ ಮುಚ್ಚಿಬಿಡುತ್ತೇವೆ. ಗೋಡೆಯ ಈಚೆ ಮೋಟರಿನ ಶಾಫ್ಟಿಗೆ ಒಂದು ಬಿಲ್ಲೆ, ಆಚೆ ಪಂಪಿನ ಶಾಫ್ಟಿಗೆ ಇನ್ನೊಂದು ಬಿಲ್ಲೆ, ಎರಡರ ಮುಖದ ಮೇಲೂ ಅಯಸ್ಕಾಂತದ ತುಂಡುಗಳು. ಈಚಿನದು ತಿರುಗಿದರೆ ಆಚಿನದೂ ಜೊತೆಗೇ ತಿರುಗುತ್ತದೆ. ಗೋಡೆ ಗೋಡೆಯಾಗಿಯೇ ಇರುತ್ತದೆ, ಒಂದು ಇನ್ನೊಂದನ್ನು ಮುಟ್ಟುವುದೇ ಇಲ್ಲ. ನಾನು ಮೊದಲ ಸಲ ಇದನ್ನು ನೋಡಿದಾಗ ಊಟದ ಡಬ್ಬಿ ಬಿಚ್ಚಿದವನು ಉಣ್ಣುವುದನ್ನು ಮರೆತು ನಿಂತಿದ್ದೆ.

ಆ ಗೋಡೆಯ ಜಾಗದಲ್ಲಿ ಮನುಷ್ಯನ ಎದೆ ಇದ್ದರೆ? ಹೀಗೆ ಕೇಳಿದವಳು ನಮ್ಮ ವಿನ್ಯಾಸ ವಿಭಾಗದ ಶಹನಾಜ್ ಕಿತ್ತೂರ.

ಶಹನಾಜ್ ನನಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವಳು, ಬುದ್ಧಿಯಲ್ಲಿ ಅಲ್ಲ. ಹೃದಯದ ಶಸ್ತ್ರವೈದ್ಯರಾದ ಡಾ. ದೇಶನೂರ ಒಂದು ದಿನ ತಮ್ಮ ಆಸ್ಪತ್ರೆಯ ನೀರಿನ ಪಂಪಿನ ಸಲುವಾಗಿ ಕಾರ್ಖಾನೆಗೆ ಬಂದಿದ್ದರು. ಚಹಾ ಕುಡಿಯುತ್ತ ತಮ್ಮ ಕಷ್ಟ ಹೇಳಿಕೊಂಡರು. ಹೃದಯ ದಣಿದವರ ಎದೆಯೊಳಗೆ ಪುಟ್ಟ ಪಂಪು ಕೂರಿಸುತ್ತೇವೆ, ಅದು ಚೆನ್ನಾಗಿಯೇ ನಡೆಯುತ್ತದೆ, ಆದರೆ ಅದಕ್ಕೆ ವಿದ್ಯುತ್ತು ಕೊಡುವ ವಾಯರು ಹೊಟ್ಟೆಯ ಚರ್ಮ ತೂರಿ ಹೊರಬರಬೇಕು, ಆ ತೂತು ಕೀವಾಗಿಯೇ ಎಷ್ಟೋ ಜನ ಹೋಗುತ್ತಾರೆ ಎಂದರು.

ಶಹನಾಜ್ ಚಹಾದ ಬಸಿಯನ್ನು ಕೆಳಗಿಟ್ಟಳು. "ಡಾಕ್ಟರ್, ನಾವು ಆಸಿಡ್ಡಿಗೇ ತೂತು ಇಡೂದಿಲ್ಲ. ನೀವು ಮನಶ್ಯಾಗ ಯಾಕ ಇಡ್ತೀರಿ?"

ದೇಶನೂರರ ಚಹಾ ಆರಿಹೋಯಿತು. ಅವರು ಆ ದಿನ ನೀರಿನ ಪಂಪಿನ ಮಾತನ್ನೇ ಎತ್ತಲಿಲ್ಲ.

ಆಮೇಲಿನ ವರ್ಷಗಳನ್ನು ನಾನು ಬಿಡಿಸಿ ಹೇಳಲಾರೆ. ಎದೆಯೊಳಗೆ ಕೂರುವ ಪಂಪಿನ ರೆಕ್ಕೆಗೆ ಅಯಸ್ಕಾಂತದ ಒಂದು ಬಿಲ್ಲೆ. ಎದೆಯ ಹೊರಗೆ, ಬನಿಯನ್ನಿನಂಥ ಒಂದು ಅಂಗಿಯ ಕಿಸೆಯಲ್ಲಿ ಪುಟ್ಟ ಮೋಟರು ಮತ್ತು ಅದರ ಬಿಲ್ಲೆ. ಸೊಂಟಕ್ಕೆ ಬ್ಯಾಟರಿ. ನಡುವೆ ಚರ್ಮ, ಪಕ್ಕೆಲುಬು, ಬದುಕಿರುವ ಮಾಂಸ. ಇದನ್ನು ಪರೀಕ್ಷೆ ಮಾಡಲು ಎರಡು ಬಿಲ್ಲೆಗಳ ನಡುವೆ ಮಾಂಸದ ತುಂಡು ಇಡಬೇಕೆಂದು ಶಹನಾಜ್ ಹೇಳಿದಾಗ, ಚರ್ಮದ ಚಪ್ಪಲಿಯನ್ನೇ ಮೆಟ್ಟದ ಜೈನನಾದ ನಾನು ಕೈ ಮುಗಿದೆ.

"ಬಾಯಾರ, ನೌಕರಿ ಬಿಡ್ತೇನಿ, ಇದನ್ನ ಮಾತ್ರ ಮುಟ್ಟಂಗಿಲ್ಲ."

"ನೌಕರಿ ಬಿಡಬ್ಯಾಡ್ರಿ ಕಾಕಾ. ಮನಿಯಿಂದ ಹೋಳಿಗಿ ಕಣಕ ನಾದಿಸಿಕೊಂಡ ಬರ್ರಿ," ಎಂದು ಅವಳು ನಕ್ಕಳು. ಅಯಸ್ಕಾಂತಕ್ಕೆ ಮಾಂಸವೂ ಒಂದೇ, ಕಣಕವೂ ಒಂದೇ. ನನ್ನ ಹೆಂಡತಿ ನಾದಿಕೊಟ್ಟ ಕಣಕದ ಆಚೆ ಈಚೆ ಆ ಬಿಲ್ಲೆಗಳು ತಿಂಗಳುಗಟ್ಟಲೆ ತಿರುಗಿದವು. ಕೆಂಪು ಬಣ್ಣದ ನೀರು ಕೊಳವೆಯಲ್ಲಿ ಹರಿಯುತ್ತಲೇ ಇತ್ತು. ನಾನು ಮುಂಜಾನೆ ಬಾಗಿಲು ತೆಗೆದು ಒಳಗೆ ಬಂದಾಗ ಅದು ಇನ್ನೂ ಹರಿಯುತ್ತಿರುವುದನ್ನು ನೋಡಿ ಸುಮ್ಮನೆ ಒಂದು ಕ್ಷಣ ನಿಲ್ಲುತ್ತಿದ್ದೆ. ದೇವರ ಮನೆಯಲ್ಲಿ ನಂದಾದೀಪ ನೋಡಿದಷ್ಟು ಸಮಾಧಾನವಾಗುತ್ತಿತ್ತು.

ಒಂದೇ ಒಂದು ಕೊರತೆ ಇತ್ತು, ಅದು ಅಯಸ್ಕಾಂತದ ಹುಟ್ಟುಗುಣ. ಎರಡು ಬಿಲ್ಲೆಗಳ ಹಿಡಿತ ಒಂದು ಮಿತಿಯವರೆಗೆ ಮಾತ್ರ. ಆ ಮಿತಿ ಮೀರಿದ ಎಳೆದಾಟವಾದರೆ ಕೈ ಬಿಡುತ್ತವೆ. ನಾವು ಅದಕ್ಕೆ ಸ್ಲಿಪ್ ಆಯಿತು ಎನ್ನುತ್ತೇವೆ. ಹೊರಗಿನ ಬಿಲ್ಲೆ ಗರ್ರೆಂದು ತಿರುಗುತ್ತಲೇ ಇರುತ್ತದೆ, ಒಳಗಿನದು ನಿಂತಲ್ಲೇ ನಡುಗುತ್ತದೆ. ಆಗ ಹೊಸಬರೆಲ್ಲ ಮಾಡುವ ತಪ್ಪೆಂದರೆ ವೇಗ ಹೆಚ್ಚಿಸುವುದು. ಎಷ್ಟು ಹೆಚ್ಚಿಸಿದರೂ ಪ್ರಯೋಜನವಿಲ್ಲ, ಓಡುವ ಬಸ್ಸನ್ನು ನಿಂತವನು ಹಿಡಿಯಲಾರ. ಮೊದಲು ಹೊರಗಿನದನ್ನು ಪೂರ್ತಿ ನಿಲ್ಲಿಸಬೇಕು. ಎರಡೂ ಬಿಲ್ಲೆಗಳು ನಿಂತು, ಒಂದರ ಮುಖಕ್ಕೆ ಇನ್ನೊಂದು ಒಗ್ಗಿಕೊಂಡು ಕಚ್ಚಿದ ಮೇಲೆ, ಸಾವಕಾಶವಾಗಿ ಶುರು ಮಾಡಬೇಕು.

ಈ ಕೆಲಸವನ್ನು ಯಂತ್ರಕ್ಕೇ ಕಲಿಸಬಹುದಲ್ಲ ಎಂದು ಎಲ್ಲರೂ ಕೇಳಿದರು. ಶಹನಾಜ್ ಒಪ್ಪಲಿಲ್ಲ. "ತನ್ನಷ್ಟಕ್ಕ ತಾನ ನಿಲ್ಲಾಕ ಬರೋ ಯಂತ್ರ ಒಂದಿನ ತಪ್ಪಿ ಸುಮ್ಮ ಸುಮ್ಮನ ನಿಂತ್ರ? ನಿಲ್ಲಸೂದು ಮನಶ್ಯಾರ ಕೈಯಾಗ ಇರ್ಲಿ," ಎಂದಳು. ಹಾಗಾಗಿ ಹೊರಗಿನ ಬಿಲ್ಲೆಯ ಸುತ್ತ ಬಳೆಯಂಥ ಒಂದು ಉಂಗುರ ಬಂತು. ಎರಡೂ ಕೈಗಳಿಂದ ಎರಡು ಬದಿಯ ಗುಂಡಿ ಒತ್ತಿ ಹಿಡಿದು ಬಳೆಯನ್ನು ಎಡಕ್ಕೆ ತಿರುಗಿಸಿದರೆ ನಿಲ್ಲುತ್ತದೆ, ಬಲಕ್ಕೆ ತಿರುಗಿಸಿದಷ್ಟು ವೇಗ ಹೆಚ್ಚುತ್ತದೆ. ಮೂರ್ಛೆ ಹೋಗುವವನು ತನ್ನ ಬಳೆಯನ್ನು ತಾನೇ ತಿರುಗಿಸಿಕೊಳ್ಳಲಾರ. ಅದಕ್ಕೆ ಮನೆಯಲ್ಲಿ ಒಬ್ಬರು ಅದನ್ನು ಕಲಿಯಲೇಬೇಕೆಂಬ ಕಟ್ಟಳೆ ಬಂತು.

ಮೊದಲ ಎದೆ ನಮ್ಮ ಬೆಳಗಾವಿಯ ಶಹಾಪುರದ ಈರಸಂಗಪ್ಪ ತೋರಗಲ್ಲ ಅವರದು.

ಈರಸಂಗಪ್ಪ ಕುಂದಾ ಮಾಡುವವರು. ದೊಡ್ಡ ಕಡಾಯಿಯ ಮುಂದೆ ನಿಂತು ಹಾಲು ಕೆಂಪಾಗುವವರೆಗೆ ಸಟ್ಟುಗ ಆಡಿಸಿದ ತೋಳು, ಭಾರಿ ಆಳು, ಯಾರು ಬಂದರೂ ಎದೆಗೆ ಅವಚಿಕೊಂಡೇ ಮಾತು ಶುರು. ಅಂಥವರು ಹೃದಯ ದೊಡ್ಡದಾಗಿ, ನಾಲ್ಕು ಮೆಟ್ಟಿಲು ಹತ್ತಲು ನಾಲ್ಕು ಸಲ ಕೂರುವಂತಾಗಿದ್ದರು. ಅವರ ಹೆಂಡತಿ ನೀಲಗಂಗಾ ಸಾರಿಗೆ ಬಸ್ಸಿನ ಕಂಡಕ್ಟರು. ಎಲ್ಲರೂ ನೀಲವ್ವ ಎನ್ನುತ್ತಿದ್ದರು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಲ್ಲಿ ನಿಂತು ಮುಂದಿನ ಸೀಟಿನ ಪಡ್ಡೆ ಹುಡುಗನನ್ನು ಎಬ್ಬಿಸುವ ಗಂಟಲು ಆಕೆಯದು.

ಆಪರೇಷನ್ನಿಗೆ ಮೊದಲು ಬಂದ ಪ್ರಶ್ನೆ ವೈದ್ಯಕೀಯದ್ದಲ್ಲ. ಬಿಲ್ಲೆ ಕೂರಬೇಕಾದ ಜಾಗದಲ್ಲೇ ಈರಸಂಗಪ್ಪನವರ ಇಷ್ಟಲಿಂಗದ ಕರಡಿಗೆ ಇಳಿಬಿದ್ದಿತ್ತು.

"ಇಬ್ಬರಿಗೂ ಒಂದ ಜಾಗಾ ಬೇಕಂದ್ರ ಹೆಂಗರಿ?" ಎಂದು ಅವರು ಗಂಭೀರವಾಗಿ ಕೇಳಿದರು. ಕೊನೆಗೆ ಶಿವದಾರವನ್ನು ಗಿಡ್ಡ ಮಾಡಿ ಕರಡಿಗೆಯನ್ನು ಮೇಲಕ್ಕೆ ಏರಿಸಿದ್ದಾಯಿತು. ಬೆಳ್ಳಿಯಾದ್ದರಿಂದ ಅಯಸ್ಕಾಂತ ಅದರ ಗೊಡವೆಗೆ ಹೋಗಲಿಲ್ಲ. "ಮ್ಯಾಲೆ ಅವ, ಕೆಳಗ ಶಹನಾಜ್ ಬಾಯಾರ ಮಷೀನು. ನಂದೇನ ಕೆಲಸ ಉಳೀತು?" ಎಂದು ನಕ್ಕು ಅವರು ಆಪರೇಷನ್ ಕೋಣೆಗೆ ಹೋದರು.

ಅವರು ಹೊರಬಂದರು, ನಡೆದರು, ಮನೆಗೆ ಹೋದರು. ಉಬ್ಬಸವಿಲ್ಲದೆ ಮಹಡಿ ಹತ್ತಿ, ಮೇಲಿನಿಂದ ಹೆಂಡತಿಯನ್ನು ಕೂಗಿ ಕರೆದ ದಿನ ನೀಲವ್ವ ನಮಗೆ ಫೋನು ಮಾಡಿ ಏನೂ ಮಾತಾಡದೆ ಅತ್ತುಬಿಟ್ಟಳು. ಚರ್ಮದಲ್ಲಿ ಒಂದು ಸೂಜಿಯಷ್ಟು ತೂತಿಲ್ಲದೆ, ಕೈಗೆ ಸಿಗದ ಒಂದು ಸೆಳೆತ ಒಬ್ಬ ಮನುಷ್ಯನ ರಕ್ತವನ್ನು ಅಡಿಯಿಂದ ಮುಡಿಯವರೆಗೆ ಓಡಿಸುತ್ತಿತ್ತು. ಇಷ್ಟು ವರ್ಷ ಕಪ್ಲಿಂಗಿಗೆ ಮರ್ಯಾದೆ ಇಲ್ಲ ಎಂದು ಗೊಣಗಿದ ನನ್ನ ಜನ್ಮ ಸಾರ್ಥಕವಾಯಿತು ಅನ್ನಿಸಿತು.

ವಾರಕ್ಕೊಮ್ಮೆ ತಪಾಸಣೆಗೆ ನಾನೇ ಅವರ ಮನೆಗೆ ಹೋಗುತ್ತಿದ್ದೆ. ಹೊಸ ಎದೆಗೆ ಮನೆ ಹೊಂದಿಕೊಳ್ಳುವುದು ನೋಡುವ ಹಾಗಿತ್ತು. ಈ ಪಂಪು ಹೃದಯದ ಹಾಗೆ ಮಿಡಿಯುವುದಿಲ್ಲ, ಒಂದೇ ಸಮ ಹರಿಸುತ್ತದೆ. ಆದ್ದರಿಂದ ಕೈ ಹಿಡಿದರೆ ನಾಡಿ ಸಿಗುತ್ತಿರಲಿಲ್ಲ. ಓಣಿಯವರೆಲ್ಲ ಬಂದು ಅವರ ಮಣಿಕಟ್ಟು ಹಿಡಿದು, ನಾಡಿ ಇಲ್ಲದ ಮನುಷ್ಯ ಚುರುಮುರಿ ತಿನ್ನುವುದನ್ನು ಬೆರಗಿನಿಂದ ನೋಡಿಹೋದರು. ಎದೆಗೆ ಕಿವಿ ಇಟ್ಟರೆ ದೂರದ ಹಿಟ್ಟಿನ ಗಿರಣಿಯಂಥ ಗುಂಯ್ ಎನ್ನುವ ಸದ್ದು. ಮೊದಮೊದಲು ನೀಲವ್ವನಿಗೆ ಅದರಿಂದ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಅದಿಲ್ಲದೆ ನಿದ್ದೆ ಬರದಂತಾಯಿತು.

ಹೊರಗಿನ ಬಿಲ್ಲೆ ಭಾರ ಎಂದು ಈರಸಂಗಪ್ಪ ದೂರಿದ್ದರು. ಕಡಾಯಿಯ ಮುಂದೆ ಬಗ್ಗಿದರೆ ಜಗ್ಗುತ್ತದೆ ಎಂದರು. ಆಗ ಶಹನಾಜ್ ಬಿಲ್ಲೆಯ ಬೆನ್ನಿಗೆ ಇದ್ದ ಕಬ್ಬಿಣದ ಬಟ್ಟಲನ್ನು ತೆಗೆಸಿದಳು. ಅಯಸ್ಕಾಂತದ ಸೆಳೆತ ಎದೆಯಿಂದ ಹೊರಕ್ಕೆ ಹರಡದಂತೆ ತಡೆಯುವುದು ಆ ಬಟ್ಟಲಿನ ಕೆಲಸ. ತೆಗೆದ ಮೇಲೆ ಬಿಲ್ಲೆ ಅರ್ಧಕ್ಕರ್ಧ ಹಗುರವಾಯಿತು, ಆದರೆ ಎದೆಗೆ ಎದುರಾಗಿ ಬಂದ ಕಬ್ಬಿಣವನ್ನು ಎಳೆದುಕೊಳ್ಳತೊಡಗಿತು. ಒಮ್ಮೆ ಅಂಗಡಿಯ ಕಬ್ಬಿಣದ ಸೌಟು ಚಟ್ಟನೆ ಹಾರಿ ಅವರ ಅಂಗಿಗೆ ಅಂಟಿಕೊಂಡಿತು, ಗಿರಾಕಿಗಳು ನಕ್ಕು ನಕ್ಕು ಸುಸ್ತಾದರು. ಕಪಾಟು, ಸ್ಕೂಟರು, ತಕ್ಕಡಿ, ಗ್ಯಾಸಿನ ಸಿಲಿಂಡರು, ಹೀಗೆ ಮನೆಯ ಸಾಮಾನನ್ನೆಲ್ಲ ಲ್ಯಾಬಿಗೆ ತರಿಸಿ ಬಿಲ್ಲೆಯ ಎದುರು ಹಿಡಿದು ಪರೀಕ್ಷಿಸಿದೆವು. ಯಾವುದರಿಂದಲೂ ಸ್ಲಿಪ್ ಆಗಲಿಲ್ಲ. ನಮಗೆ ಧೈರ್ಯ ಬಂತು.

ಧೈರ್ಯ ಬರದೇ ಇದ್ದದ್ದು ನೀಲವ್ವನಿಗೆ ಮಾತ್ರ. ಬಳೆ ತಿರುಗಿಸುವುದನ್ನು ಆಕೆ ಲ್ಯಾಬಿನ ಗೊಂಬೆಯ ಮೇಲೆ ಒಂದೇ ದಿನದಲ್ಲಿ ಕಲಿತಳು. ಗಂಡನ ಮೇಲೆ ಒಮ್ಮೆ ಮಾಡಿ ತೋರಿಸು ಎಂದರೆ ಸುತರಾಂ ಒಪ್ಪಲಿಲ್ಲ.

"ದಿನಾ ಸೀಟಿ ಊದಿ ಬಸ್ ನಿಲ್ಲಸ್ತೇನ್ರಿ ಮಗದುಮ್ಮರ. ಅದು ಬಸ್ಸು. ನನ್ನ ಕೈಯಾರೆ ನನ್ನ ಯಜಮಾನ್ರ ಎದಿ ನಿಲ್ಲಸೂದ? ಆಗೂದಿಲ್ಲ. ಸತ್ರೂ ಆಗೂದಿಲ್ಲ."

"ನಿಂತ ಕೂಡ್ಲೆ ಮತ್ತ ಚಾಲೂ ಮಾಡ್ತೀರೆಲ್ಲರಿ."

"ಚಾಲೂ ಆಗ್ಲಿಲ್ಲ ಅಂದ್ರ?"

ಶಹನಾಜ್ ಆಕೆಯ ಪಕ್ಕ ಕೂತು, "ಅಕ್ಕಾರ, ಸ್ಲಿಪ್ ಆದಾಗ ಅದು ನಿಂತಂಗನ. ನೀವು ನಿಲ್ಲಸೂದು ಹೊರಗಿಂದನ್ನಷ್ಟ. ನಿಲ್ಲಸದಿದ್ರ ಮಾತ್ರ ಅವರು ಉಳ್ಯೂದಿಲ್ಲ," ಎಂದು ಸಮಾಧಾನವಾಗಿ ಹೇಳಿದಳು. ನೀಲವ್ವ ತಲೆ ಅಲ್ಲಾಡಿಸಿದಳು. ತಿಳಿಯಿತು ಎಂದೋ, ಆಗದು ಎಂದೋ ಗೊತ್ತಾಗಲಿಲ್ಲ. ಆ ದಿನದಿಂದ ನನಗೆ ಇದ್ದದ್ದು ಒಂದೇ ಅಂಜಿಕೆ. ಯಂತ್ರ ಕೈ ಕೊಡುವುದಿಲ್ಲ, ಕೊಟ್ಟರೆ ಈಕೆಯ ಕೈ ಏಳುತ್ತದೆಯೇ?

ವರ್ಷ ತುಂಬುವುದರೊಳಗೆ ಎರಡನೆಯ ಎದೆ ಸಿದ್ಧವಾಯಿತು. ಚಿಕ್ಕೋಡಿಯ ಕಡೆಯ ಹುಡುಗ, ಹೆಸರು ಬಾಹುಬಲಿ ಚೌಗುಲೆ, ಪ್ರಾಯ ಇನ್ನೂ ಮೂವತ್ತು ದಾಟಿರಲಿಲ್ಲ. ಹೆಸರು ಬಾಹುಬಲಿ, ತುಂಬಿದ ಕೊಡ ಎತ್ತಲಾರ. ಅವನ ಹೃದಯ ಈರಸಂಗಪ್ಪನವರದಕ್ಕಿಂತ ಬಹಳ ಸೋತಿತ್ತು. ಈರಸಂಗಪ್ಪನವರದು ಇಷ್ಟು ದಿನದ ವಿಶ್ರಾಂತಿಯಲ್ಲಿ ಒಂದಿಷ್ಟು ಚೇತರಿಸಿಕೊಂಡಿದೆ, ಪಂಪು ನಿಂತರೂ ಸ್ವಲ್ಪ ಹೊತ್ತು ತಡೆದೀತು, ಆದರೆ ಈ ಹುಡುಗನದು ಒಂದೆರಡು ನಿಮಿಷಕ್ಕಿಂತ ಹೆಚ್ಚು ತಡೆಯದು ಎಂದು ಡಾ. ದೇಶನೂರ ಎರಡೂ ಮನೆಯವರಿಗೆ ಹೇಳಿದ್ದರು. ಅವನ ಹೆಂಡತಿ ತ್ರಿಶಲಾ ಬಳೆಯ ಪಾಠ ಕಲಿತಿದ್ದಳು, ಆದರೆ ಕಲಿತು ಬಹಳ ದಿನವಾಗಿರಲಿಲ್ಲ.

ಆ ವರ್ಷದ ದಸರೆಗೆ ಈರಸಂಗಪ್ಪ ನಮ್ಮೆಲ್ಲರನ್ನೂ ಮನೆಗೆ ಕರೆದರು. ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿ ಕೊಡುವ ಪದ್ಧತಿ. ಬನ್ನಿ ಎಲೆಗಳನ್ನು ಕೈಯಲ್ಲಿಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಹೇಳಿ, ಹಿರಿಯರ ಕಾಲಿಗೆ ಬಿದ್ದು, ಸರೀಕರನ್ನು ಅಪ್ಪಿಕೊಳ್ಳುತ್ತೇವೆ. ವರ್ಷದ ಜಗಳವೂ ಆ ಅಪ್ಪುಗೆಯಲ್ಲಿ ತೀರಬೇಕು. ನಾನು ಬೇಗ ಹೋಗಿದ್ದೆ. ಶಹನಾಜ್ ಇನ್ನೂ ದಾರಿಯಲ್ಲಿದ್ದಳು. ಅಂಗಳ ತುಂಬ ಜನ, ಒಳಗಿನಿಂದ ಹೋಳಿಗೆಯ ತುಪ್ಪದ ವಾಸನೆ.

ಬಾಹುಬಲಿ ಮತ್ತು ತ್ರಿಶಲಾ ಬಾಗಿಲಿಗೆ ಬಂದದ್ದೇ ತಡ, ಈರಸಂಗಪ್ಪನವರ ಮುಖ ಅರಳಿತು. ಜಗತ್ತಿನಲ್ಲಿ ತಮ್ಮಂಥವರು ಇರುವುದು ಇಬ್ಬರೇ. ಎಷ್ಟು ಮಾತು ಫೋನಿನಲ್ಲಿ ಆಡಿದ್ದರೂ ಎದುರಾಬದುರು ಕಂಡಿದ್ದು ಆವತ್ತೇ ಮೊದಲು.

"ಬಾರೋ ತಮ್ಮಾ! ಬನ್ನಿ ತಗೊಂಡು ಬಂಗಾರದಂಗ ಇರೂಣು!" ಎಂದು ಎಲೆ ಕೊಟ್ಟು, ತಮ್ಮ ಪದ್ಧತಿಯಂತೆ ಆ ಹುಡುಗನನ್ನು ಎದೆಗೆ ಅವಚಿಕೊಂಡರು.

ಟಕ್ ಎಂಬ ಸದ್ದು ನನಗೆ ಅಂಗಳದ ಆ ತುದಿಗೆ ಕೇಳಿಸಿತು. ಕೇಳಿದ ಕೂಡಲೇ ನನಗೆ ಅರ್ಥವಾಯಿತು. ಎದುರಿನಿಂದ ಕಬ್ಬಿಣ ಬಂದರೆ ಏನಾಗುತ್ತದೆ ಎಂದು ನೂರು ಬಗೆಯಲ್ಲಿ ನೋಡಿದ್ದೆವು. ಎದುರಿನಿಂದ ಇನ್ನೊಂದು ಅಯಸ್ಕಾಂತವೇ ಬಂದರೆ ಎಂದು ಯಾರೂ ನೋಡಿರಲಿಲ್ಲ. ಅಂಥ ಎರಡು ಎದೆಗಳು ಭೂಮಿಯ ಮೇಲೆ ಇರಲೇ ಇಲ್ಲವಲ್ಲ. ಬೆನ್ನಿಗೆ ಬಟ್ಟಲಿಲ್ಲದ ಎರಡು ಬಿಲ್ಲೆಗಳು ಒಂದನ್ನೊಂದು ಕಚ್ಚಿ ಹಿಡಿದವು. ಒಂದರ ವೇಗ ಒಂದು, ಇನ್ನೊಂದರದು ಇನ್ನೊಂದು. ಎಳೆದಾಟದಲ್ಲಿ ಎರಡೂ ತಮ್ಮ ತಮ್ಮ ಒಳಗಿನ ಜೋಡಿಯ ಕೈ ಬಿಟ್ಟವು. ಗರ್ರ್ ಎಂಬ ಸದ್ದು ಎದ್ದಿತು. ಇಬ್ಬರೂ ಅಪ್ಪಿಕೊಂಡೇ ಇದ್ದಾರೆಂದು ಜನ ಮೊದಲು ನಕ್ಕರು.

ಈರಸಂಗಪ್ಪನವರ ಅಣ್ಣನ ಮಕ್ಕಳು ಇಬ್ಬರನ್ನೂ ಹಿಡಿದು ಜಗ್ಗತೊಡಗಿದರು.

"ಎಳೀಬ್ಯಾಡ್ರಿ! ಬಾಜೂಕ ಜಾರಸ್ರಿ!" ಎಂದು ಕಿರುಚುತ್ತ ಓಡಿದೆ. ನಾನೇ ಎರಡು ಬಿಲ್ಲೆಗಳ ನಡುವೆ ಬೆರಳು ತುರುಕಿ ಪಕ್ಕಕ್ಕೆ ನೂಕಿದೆ. ಅವು ಜಾರಿ ಬಿಟ್ಟುಕೊಂಡವು, ಬಿಟ್ಟುಕೊಳ್ಳುವ ಮೊದಲು ನನ್ನ ಬಲಗೈಯ ಬೆರಳುಗಳನ್ನು ಅಡಕತ್ತರಿಯ ಅಡಿಕೆಯಂತೆ ಜಜ್ಜಿಹಾಕಿದವು. ಇಬ್ಬರೂ ಅಂಗಳದ ಚಾಪೆಯ ಮೇಲೆ ಕುಸಿದರು. ಬಿಡಿಸಿದ್ದರಿಂದ ಪಂಪು ತಾನಾಗಿ ಶುರುವಾಗುವುದಿಲ್ಲ. ಎರಡೂ ಗರ್ರೆನ್ನುತ್ತಲೇ ಇದ್ದವು, ಒಳಗೆ ರಕ್ತ ನಿಂತಿತ್ತು. ಬಳೆಗೆ ಎರಡು ಕೈ ಬೇಕು, ನನಗೆ ಉಳಿದದ್ದು ಒಂದು.

ತ್ರಿಶಲಾ ಗಂಡನ ಮೇಲೆ ಬಾಗಿದ್ದಳು. ಅವಳ ಕೈ ಬಳೆಯ ಮೇಲಿತ್ತು, ಆದರೆ ಅವಳು ಅದನ್ನು ಬಲಕ್ಕೆ, ಇನ್ನೂ ಬಲಕ್ಕೆ ತಿರುಗಿಸುತ್ತಿದ್ದಳು. "ಜೋರಾಗಿ ತಿರುಗಾಕತ್ತೇತಲ್ಲ, ಯಾಕ ಎಚ್ಚರಾಗವಲ್ರು?" ಎಂದು ಅಳುತ್ತಿದ್ದಳು. ಎಡಕ್ಕೆ, ಎಡಕ್ಕೆ ಎಂದು ನಾನು ಕೂಗಿದ್ದು ಅವಳ ಕಿವಿಗೆ ಬೀಳಲೇ ಇಲ್ಲ. ಬಾಹುಬಲಿಯ ತುಟಿಗಳು ನೀಲಿಯಾಗಿದ್ದವು.

ನೀಲವ್ವ ಒಳಗಿನಿಂದ ಬಂದಳು. ಕೈಯೆಲ್ಲ ಹೂರಣ. ಸೆರಗಿಗೆ ಒರೆಸಿಕೊಂಡು ಗಂಡನ ಪಕ್ಕ ಮಂಡಿಯೂರಿದಳು, ಎರಡೂ ಕೈ ಅವರ ಎದೆಯ ಹತ್ತಿರ ಒಯ್ದಳು. ಅಲ್ಲಿಗೆ ಆ ಕೈಗಳು ನಿಂತವು.

ಈರಸಂಗಪ್ಪನವರಿಗೆ ಇನ್ನೂ ಸ್ವಲ್ಪ ಎಚ್ಚರವಿತ್ತು. ಅವರು ಹೆಂಡತಿಯ ಮಣಿಕಟ್ಟನ್ನು ಹಿಡಿದರು. ಸಹಾಯಕ್ಕೆ ಹಿಡಿದರೆಂದು ನಾನು ಅಂದುಕೊಂಡೆ. ಅವರು ಅದನ್ನು ತಮ್ಮ ಎದೆಯಿಂದ ದೂರ ತಳ್ಳಿದರು.

"ಮೊದಲ... ಆ ಹುಡಗಗ."

ನೀಲವ್ವ ಒಮ್ಮೆ ಅವರ ಮುಖ ನೋಡಿದಳು. ಆಮೇಲೆ ಎದ್ದು, ತ್ರಿಶಲಾಳನ್ನು ಭುಜ ಹಿಡಿದು ಸರಿಸಿ, ಬಾಹುಬಲಿಯ ಬಳೆಯ ಗುಂಡಿಗಳನ್ನು ಒತ್ತಿ ಎಡಕ್ಕೆ ತಿರುಗಿಸಿದಳು. ಗರ್ರ್ ನಿಂತಿತು. ಒಳಗಿನ ಬಿಲ್ಲೆ ಹೊರಗಿನದಕ್ಕೆ ಒಗ್ಗಿ ಕಚ್ಚುವ ಸಣ್ಣ ಅದುರು ಅಂಗೈಗೆ ತಿಳಿಯುತ್ತದೆ, ಅದು ತಿಳಿಯುವವರೆಗೆ ಆಕೆ ಕಾದಳು. ಆಮೇಲೆ ಬಲಕ್ಕೆ, ಸಾವಕಾಶ, ಇನ್ನೂ ಸಾವಕಾಶ. ಗುಂಯ್ ಎಂಬ ಸದ್ದು ಎದ್ದಿತು, ಹುಡುಗನ ಕೆನ್ನೆಗೆ ಬಣ್ಣ ಬರತೊಡಗಿತು.

ಆಕೆ ತಿರುಗಿದಾಗ ಈರಸಂಗಪ್ಪನವರ ಕಣ್ಣುಗಳು ಮುಚ್ಚಿದ್ದವು. ನಾನು ಎಡಗೈಯಿಂದ ಒಂದು ಗುಂಡಿ, ಜಜ್ಜಿದ ಬಲಗೈಯ ಮಣಿಕಟ್ಟಿನಿಂದ ಇನ್ನೊಂದು ಗುಂಡಿ ಒತ್ತಲು ಒದ್ದಾಡುತ್ತಿದ್ದೆ. ಬಳೆಯ ಮೇಲೆಲ್ಲ ನನ್ನ ರಕ್ತ.

"ಬಾಜೂಕ ಸರೀರಿ ಮಗದುಮ್ಮರ," ಎಂದಳು ನೀಲವ್ವ. "ಇದು ನನ್ನ ಪಾಲಿಂದು."

ಎರಡೂ ಗುಂಡಿ ಒತ್ತಿದಳು, ಎಡಕ್ಕೆ ತಿರುಗಿಸಿದಳು, ಗಂಡನ ಎದೆಯನ್ನು ನಿಲ್ಲಿಸಿದಳು. ಅವಸರಪಟ್ಟರೆ ಮತ್ತೆ ಸ್ಲಿಪ್ ಆಗುತ್ತದೆ ಎಂದು ಹೇಳಲು ನಾನು ಬಾಯಿ ತೆರೆದೆ, ಆದರೆ ಆಕೆ ಅವಸರಪಡಲಿಲ್ಲ. ಅದುರು ತಿಳಿಯುವವರೆಗೆ ಕಾದಳು. ಬಲಕ್ಕೆ ಒಂದಿಷ್ಟೇ ತಿರುಗಿಸಿದಳು. ಸದ್ದು ಮೂಡಿತು, ಬೆಳೆಯಿತು, ನೆಲೆ ನಿಂತಿತು.

ಈರಸಂಗಪ್ಪ ಕಣ್ಣು ಬಿಟ್ಟ ಕೂಡಲೇ ಆಕೆ ಅವರ ಭುಜಕ್ಕೆ ಪಟಾರನೆ ಒಂದು ಏಟು ಹಾಕಿದಳು.

"ಮೊದಲ ಅವಂಗ ಅಂತ ಹೇಳಾಕ ನಿಮ್ಮನ್ನ ಯಾರ್ ಕೇಳಿದ್ರು? ನನ್ನ ಕೈಲೆ ದಾನಶೂರ ಆಗಾಕ ಹೊಂಟಿದ್ರೇನು?"

"ಬಸ್ಸಿನ್ಯಾಗ ಅಶಕ್ತರಿಗೆ ಮೊದಲ ಸೀಟ್ ಕೊಡ್ರಿ ಅಂತ ಎಬ್ಬಸಾಕಿ ನೀನು," ಎಂದರು ಅವರು ಮೆಲ್ಲಗೆ. "ನಿನ್ನ ಗಂಡ ಆಗಿ ನಾ ಕುಂಡ್ರಲೇನು?"

ಆಗ ಆಕೆ ಅತ್ತಳು. ಅಂಗಳವೆಲ್ಲ ಅತ್ತಿತು, ನಾನೂ ಅತ್ತೆ. ಬೆರಳಿನ ನೋವಿಗೆ ಎಂದು ಆಮೇಲೆ ಹೇಳಿಕೊಂಡೆ.

ಶಹನಾಜ್ ಬಂದದ್ದು ಇದೆಲ್ಲ ಮುಗಿದ ಮೇಲೆ. ನಡೆದದ್ದನ್ನು ಕೇಳಿ ಕಟ್ಟೆಯ ಮೇಲೆ ಕುಸಿದು ಕೂತಳು. "ಈದ್ ದಿನ ನಮ್ಮ ಮನೀ ಮುಂದ ಓಣಿಗೆ ಓಣೀನ ಮೂರ್ ಮೂರ್ ಸಲ ಅಪ್ಕೋತೈತಿ ಕಾಕಾ. ಹುಟ್ಟಿದಾಗಿಂದ ನೋಡೇನಿ. ಗ್ಯಾಸ್ ಸಿಲಿಂಡರ್ ಹಿಡದು ನೋಡಿದ್ವಿ, ಸ್ಕೂಟರ್ ಹಿಡದು ನೋಡಿದ್ವಿ. ಮನಶ್ಯಾ ಮನಶ್ಯಾನ್ನ ಅಪ್ಕೋತಾನ ಅನ್ನೂದನ್ನ ಮರ್ತಬಿಟ್ಟೆ," ಎಂದಳು. ನೀಲವ್ವ ಆಕೆಯ ಪಕ್ಕ ಹೋಗಿ ಕೂತು, ಆಕೆಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

ಕಾರ್ಖಾನೆಯ ಸಭೆಯಲ್ಲಿ ಕೆಲವರು ಸುಲಭದ ದಾರಿ ಹೇಳಿದರು. ಬಿಲ್ಲೆ ಧರಿಸಿದವರು ಯಾರನ್ನೂ ಅಪ್ಪಿಕೊಳ್ಳಬಾರದು ಎಂದು ಸೂಚನೆಗಳಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು ಎಂದರು. ಶಹನಾಜ್ ಎದ್ದು ನಿಂತು, ಆ ಸಾಲು ಬರೆಯುವುದಾದರೆ ನನ್ನ ಹೆಸರನ್ನು ಯಂತ್ರದಿಂದ ತೆಗೆಯಿರಿ ಎಂದಳು. ಬೆನ್ನಿನ ಬಟ್ಟಲು ವಾಪಸು ಬಂತು. ಅದು ಹಳೆಯ ಭಾರವಾಗದಂತೆ ತೆಳುವಾದ ಹೊಸ ಉಕ್ಕು ಹುಡುಕಲು ನಾವು ಆರು ತಿಂಗಳು ಒದ್ದಾಡಿದೆವು. ಈಗ ಎರಡು ಎದೆಗಳನ್ನು ಎಷ್ಟು ಬಿಗಿಯಾಗಿ ಒತ್ತಿದರೂ ಒಂದು ಬಿಲ್ಲೆಯ ಸುದ್ದಿ ಇನ್ನೊಂದಕ್ಕೆ ತಿಳಿಯುವುದಿಲ್ಲ. ಆ ಕಪ್ಲಿಂಗು ಈಗ ಎಷ್ಟೋ ಊರುಗಳಲ್ಲಿ ಎಷ್ಟೋ ಎದೆಗಳನ್ನು ನಡೆಸುತ್ತಿದೆ.

ಆದರೆ ಯಾವ ಹಿಡಿತಕ್ಕೂ ಒಂದು ಮಿತಿ ಇದ್ದೇ ಇರುತ್ತದೆ. ಬಳೆಯ ಪಾಠ ಇಂದಿಗೂ ತಪ್ಪಿಲ್ಲ, ಅದನ್ನು ಕಲಿಸುವವಳು ನೀಲವ್ವ. ರಜೆಯ ದಿನ ಆಸ್ಪತ್ರೆಗೆ ಬರುತ್ತಾಳೆ, ಜೊತೆಗೆ ಈರಸಂಗಪ್ಪನವರೂ ಬರುತ್ತಾರೆ. ಗೊಂಬೆಯ ಮೇಲೆ ಕಲಿತ ಕೈ ಗಂಡನ ಮುಂದೆ ನಿಂತುಹೋಗುತ್ತದೆ, ಅದು ನನಗೆ ಗೊತ್ತು, ಬದುಕಿರುವ ಎದೆಯ ಮೇಲೇ ಕಲಿಯಬೇಕು ಎಂದು ಆಕೆ ಹಟ ಹಿಡಿದಳು. ಯಾರ ಎದೆ ಎಂದು ಡಾ. ದೇಶನೂರ ಕೇಳಿದಾಗ ಈರಸಂಗಪ್ಪ ಅಂಗಿಯ ಗುಂಡಿ ಬಿಚ್ಚಿದರು. ಈಗ ಅವರ ಹೃದಯ ಅಷ್ಟು ಹೊತ್ತು ತಡೆಯುತ್ತದೆ ಎಂದು ನೂರು ಸಲ ಪರೀಕ್ಷಿಸಿ ಡಾಕ್ಟರು ಒಪ್ಪಿದರು. ಆದರೂ ಪಾಠದ ಹೊತ್ತಿಗೆ ತಾವೇ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ.

ಮೊನ್ನೆ ನಾನು ಹೋದಾಗ ಗೋಕಾಕಿನ ಕಡೆಯ ಒಬ್ಬ ವೃದ್ಧರು ಬಂದಿದ್ದರು. ಪಂಪು ಅವರ ಮಗಳಿಗೆ. ತಾಯಿಯಿಲ್ಲದ ಹುಡುಗಿ, ಬಳೆ ಕಲಿಯಬೇಕಾದವರು ತಂದೆಯೇ. ಈರಸಂಗಪ್ಪ ಮಂಚದ ಮೇಲೆ ಅಂಗಾತ ಮಲಗಿದ್ದರು. ಮುದುಕರು ಎರಡು ಸಲ ಕೈ ಚಾಚಿ ಎರಡು ಸಲವೂ ಹಿಂದೆಗೆದರು.

"ನಾ ಒಲ್ಲೆವ್ವಾ. ಇವರಿಗೇನರ ಆದ್ರ?"

"ಇವರು ನನ್ನ ಯಜಮಾನ್ರು," ಎಂದಳು ನೀಲವ್ವ. "ನಾನ ನಿಮಗ ನಿಲ್ಲಸ್ರಿ ಅನ್ನಾಕತ್ತೇನಿ. ನಿಲ್ಲಸ್ರಿ ಯಪ್ಪಾ."

ಆಕೆ ಅವರ ಕೈಗಳನ್ನು ಹಿಡಿದು ಗಂಡನ ಎದೆಯ ಮೇಲೆ ಇಟ್ಟಳು, ಆಮೇಲೆ ತನ್ನ ಕೈ ತೆಗೆದಳು. ಮುದುಕರು ಕಣ್ಣು ಮುಚ್ಚಿ ಬಳೆ ತಿರುಗಿಸಿದರು. ಕೋಣೆಯಲ್ಲಿ ಸದ್ದು ನಿಂತಿತು. ನೀಲವ್ವ ಗಂಡನ ಮುಖದಿಂದ ಕಣ್ಣು ಕೀಳದೆ, ಬಸ್ಸಿನಲ್ಲಿ ಯಾರೂ ಎಂದೂ ಕೇಳಿರದಷ್ಟು ಮೆಲು ದನಿಯಲ್ಲಿ, "ಅವಸರಿಲ್ಲ, ಕೈಗೆ ತಿಳೀತೈತಿ, ತಿಳೀಲಿ... ಹಾಂ, ಈಗ ಸಾವಕಾಶ," ಎಂದಳು. ಮುದುಕರ ಬೆರಳುಗಳಡಿಯಲ್ಲಿ ಬಳೆ ಒಂದಿಷ್ಟು ಬಲಕ್ಕೆ ಸರಿಯಿತು, ಇನ್ನೊಂದಿಷ್ಟು ಸರಿಯಿತು. ಗುಂಯ್ ಎಂದು ಎದ್ದ ಸದ್ದು ಮೆಲ್ಲಗೆ ಕೋಣೆ ತುಂಬಿತು.

ಈರಸಂಗಪ್ಪ ಕಣ್ಣು ತೆರೆದು, ತಮ್ಮ ಮೇಲೆ ಬಾಗಿದ್ದ ಆ ಬೆವೆತ ಮುಖವನ್ನು ನೋಡಿ ಕೇಳಿದರು: "ನಿಮ್ಮ ಮಗಳ ಹೆಸರೇನ್ರಿ ಯಜಮಾನ್ರ?"